ಮಕ್ಕಳ ಕಾಲೇಜು ಫೀಸಿಗೆ ಕೂಡಿಟ್ಟ ದುಡ್ಡು ತೆಗೆಯುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಎಂಜಿನಿಯರಿಂಗ್ ಸೇರಿದ ಮೇಲೆ ನನಗೆ ಬರುವ ಫೋನುಗಳೇ ಬದಲಾಗಿವೆ. ಮೊದಲು 'ಯಾವುದರಲ್ಲಿ ಹಾಕೋಣ' ಅಂತ ಕೇಳುತ್ತಿದ್ದ ಗೆಳೆಯರು, ನೆಂಟರು ಈಗ 'ಯಾವುದರಿಂದ ತೆಗೆಯೋಣ' ಅಂತ ಕೇಳುತ್ತಾರೆ. ಹಾಕುವುದಕ್ಕೆ ಸಲಹೆ ಕೊಡುವವರು ಬೀದಿಗೊಬ್ಬರು ಇದ್ದಾರೆ. ತೆಗೆಯುವ ಹೊತ್ತಿಗೆ ಒಬ್ಬರೂ ಕಾಣುವುದಿಲ್ಲ, ಯಾಕೆಂದರೆ ಅದರಲ್ಲಿ ಕಮಿಷನ್ ಇಲ್ಲ. ನಾನು ಬ್ಯಾಂಕಿನವನಲ್ಲ, ಏಜೆಂಟೂ ಅಲ್ಲ. ಒಂದು ಸಲ ಎಡವಿ, ಆಮೇಲೆ ಕೂತು ಕಲಿತವನು. ಕೆಳಗಿನ ದರ, ತೆರಿಗೆ ಎಲ್ಲ 2025-26ನೇ ಸಾಲಿನವು.

ದುಡ್ಡು ತೆಗೆಯಲು ಯಾವಾಗ ಶುರು ಮಾಡಬೇಕು?

ಮಗು ಎಸ್‌ಎಸ್‌ಎಲ್‌ಸಿ ಮುಗಿಸಿದ ಬೇಸಿಗೆಯಲ್ಲಿ. ಫೀ ಕಟ್ಟಲು ಆಗ ಇನ್ನೂ ಎರಡು ವರ್ಷ ಇರುತ್ತದೆ. 'ಅಷ್ಟು ಬೇಗ ಯಾಕೆ, ಎರಡು ವರ್ಷ ಬೆಳೆಯಲಿ ಬಿಡಿ' ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಲೆಕ್ಕ ನೋಡಿ. 2020ರ ಜನವರಿಯಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42 ಸಾವಿರದ ಹತ್ತಿರ ಇತ್ತು. ಮಾರ್ಚ್ 23ಕ್ಕೆ 26 ಸಾವಿರದ ಕೆಳಗೆ ಬಿತ್ತು. ಎರಡು ತಿಂಗಳ ಆಸುಪಾಸಿನಲ್ಲೇ, ಮಾರ್ಚ್ ಮುಗಿಯುವುದರೊಳಗೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಅದೇ ವರ್ಷ ನವೆಂಬರ್‌ಗೆ ವಾಪಸ್ ಬಂತು, ಸರಿ. ಆದರೆ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿ ಬಿದ್ದದ್ದು ಮತ್ತೆ ಅಲ್ಲಿಗೆ ಬರಲು 2010ರ ನವೆಂಬರ್ ತನಕ ಕಾಯಬೇಕಾಯಿತು. ಆ ಮೂರು ವರ್ಷದಲ್ಲಿ ಒಂದು ಡಿಗ್ರಿಯೇ ಮುಗಿಯುತ್ತದೆ.

ನಮ್ಮ ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದರ ಏರಲಿ ಅಂತ ಅಡಿಕೆ ಮೂಟೆ ಕಟ್ಟಿ ಇಟ್ಟುಕೊಂಡವರು ಕೆಲವು ವರ್ಷ ಗೆದ್ದಿದ್ದಾರೆ. ಆದರೆ ಜುಲೈನಲ್ಲಿ ಫೀ ಕಟ್ಟಬೇಕಾದವರು ಅವತ್ತಿನ ದರಕ್ಕೆ ಮಾರಲೇಬೇಕು. ಕಾಯುವ ಶಕ್ತಿ ಇದ್ದವರಿಗೆ ಮಾತ್ರ ದರದ ಆಟ. ಫೀ ಕಟ್ಟುವ ದಿನವನ್ನು ಕಾಲೇಜು ಗೊತ್ತು ಮಾಡುತ್ತದೆ, ಮಾರುವ ದಿನವಾದರೂ ನಮ್ಮ ಕೈಯಲ್ಲಿ ಇರಲಿ ಅನ್ನುವುದು ನನ್ನ ಇಡೀ ಲೆಕ್ಕಾಚಾರ.

ಅದಕ್ಕೇ ಹೀಗೆ: ಎಸ್‌ಎಸ್‌ಎಲ್‌ಸಿ ಮುಗಿದಾಗ ಮೊದಲ ವರ್ಷದ ಫೀ ಮತ್ತು ಹಾಸ್ಟೆಲ್ ಖರ್ಚಿನಷ್ಟು ಈಕ್ವಿಟಿಯಿಂದ (ಷೇರು, ಷೇರಿನ ಮ್ಯೂಚುವಲ್ ಫಂಡ್) ತೆಗೆದು ಎಫ್‌ಡಿಗೆ ಹಾಕಿ. ಮೊದಲ ಪಿಯುಸಿ ಮುಗಿದಾಗ ಎರಡನೇ ವರ್ಷದ್ದನ್ನು ತೆಗೆಯಿರಿ. ಮೂರು ಮತ್ತು ನಾಲ್ಕನೇ ವರ್ಷದ್ದು ಇನ್ನೂ ಸ್ವಲ್ಪ ಕಾಲ ಈಕ್ವಿಟಿಯಲ್ಲಿ ಇರಬಹುದು. ಪ್ರತಿ ವರ್ಷ ಒಂದು ವರ್ಷದ ಪಾಲು ಈಚೆಗೆ ಬರುತ್ತಾ ಹೋಗಬೇಕು. ತೆಗೆದ ಮೇಲೆ ಮಾರ್ಕೆಟ್ ಏರಿದರೆ ಹೊಟ್ಟೆ ಉರಿಯುತ್ತದೆ. ಉರಿಯಲಿ, ಫೀ ಕಟ್ಟಿದ ರಸೀದಿ ಕೈಯಲ್ಲಿ ಇರುತ್ತದಲ್ಲ.

ಫೀ ಕಟ್ಟುವ ಎಷ್ಟು ದಿನ ಮುಂಚೆ ದುಡ್ಡು ಖಾತೆಯಲ್ಲಿರಬೇಕು?

ಇಲ್ಲೇ ನಾನು ಎಡವಿದ್ದು. ಸಿಇಟಿ ಸೀಟು ಸಿಕ್ಕಿತು. ಸಿಕ್ಕ ಸೀಟೇ ಸಾಕು ಅಂತ ಚಾಯ್ಸ್-1 ಕೊಟ್ಟೆವು. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಗೆ ಫೀ ಕಟ್ಟಲು ಮಂಗಳವಾರ ಕೊನೆ ದಿನ. ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲೇ ಮ್ಯೂಚುವಲ್ ಫಂಡ್ ರಿಡೀಮ್ ಒತ್ತಿದೆ. ಗಂಟೆ ಮೂರೂ ಇಪ್ಪತ್ತು. ಮೂರು ಗಂಟೆ ದಾಟಿದರೆ ಮರುದಿನದ ಎನ್‌ಎವಿ (ಫಂಡಿನ ಆ ದಿನದ ಬೆಲೆ) ಅನ್ನುವುದು ಗೊತ್ತಿತ್ತು, ತಲೆಗೆ ಹೊಳೆಯಲಿಲ್ಲ. ಶುಕ್ರವಾರದ ಲೆಕ್ಕಕ್ಕೆ ಹೋಯಿತು. ಈಕ್ವಿಟಿ ಫಂಡಿನ ದುಡ್ಡು ಬರಲು ಆಮೇಲೆ ಎರಡು ಕೆಲಸದ ದಿನ ಬೇಕು. ಶನಿವಾರ, ಭಾನುವಾರ ರಜೆ. ಸೋಮವಾರ ಹಬ್ಬದ ರಜೆ. ದುಡ್ಡು ಖಾತೆಗೆ ಬಂದದ್ದು ಬುಧವಾರ.

ಮಂಗಳವಾರ ಬೆಳಿಗ್ಗೆ ಭಾವನಿಗೆ ಫೋನ್ ಮಾಡಿದೆ. ಅವರು 'ಇಷ್ಟೇನಾ' ಅಂದು ಕಳಿಸಿದರು. ಎರಡು ದಿನದಲ್ಲಿ ವಾಪಸ್ ಕೊಟ್ಟೆ. ಆದರೆ ಹದಿನೈದು ವರ್ಷ ಕೂಡಿಟ್ಟವನು ಕೊನೆಯ ದಿನ ಕೈ ಚಾಚಿದೆ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ನನ್ನ ಹೆಂಡತಿ ಅದನ್ನು ಮರೆಯಲೂ ಬಿಡುವುದಿಲ್ಲ.

ಹಾಗಾಗಿ ಕೌನ್ಸೆಲಿಂಗ್ ಶುರುವಾಗುವ ಒಂದು ತಿಂಗಳು ಮುಂಚೆಯೇ ಮೊದಲ ವರ್ಷದ ದುಡ್ಡು ಉಳಿತಾಯ ಖಾತೆಯಲ್ಲಿ ಇರಲಿ. ಬಡ್ಡಿ ಕಮ್ಮಿ ಬರುತ್ತದೆ, ಬರಲಿ. ಇನ್ನೂ ಎರಡು ಸಣ್ಣ ವಿಷಯ. ಕಾಲೇಜಿನ ಖಾತೆಯನ್ನು ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸದಾಗಿ ಸೇರಿಸಿದರೆ ಮೊದಲ ದಿನ ಜಾಸ್ತಿ ಮೊತ್ತ ಕಳಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಯುಪಿಐ ಮಿತಿ ಈಗ 5 ಲಕ್ಷ ಇದೆ, ಆದರೆ ನಿಮ್ಮ ಬ್ಯಾಂಕ್ ಇನ್ನೂ ಕಮ್ಮಿ ಇಟ್ಟಿರಬಹುದು. ಮುಂಚೆಯೇ ನೋಡಿಕೊಳ್ಳಿ. ಕೆಇಎಗೆ ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ, ಕಾಲೇಜಿಗೆ ರಿಪೋರ್ಟ್ ಮಾಡಿದ ದಿನ ಅಲ್ಲಿ ಇನ್ನೊಂದು ಫೀ ಚೀಟಿ ಕೈಗೆ ಕೊಡುತ್ತಾರೆ.

ನಮ್ಮ ಹತ್ತಿರ ಎಲ್ಲ ಸ್ವಲ್ಪ ಸ್ವಲ್ಪ ಇದೆ. ಯಾವುದನ್ನು ಮೊದಲು ಮುಟ್ಟಬೇಕು?

ಮೊದಲು ಕಮ್ಮಿ ದುಡಿಯುತ್ತಿರುವ ದುಡ್ಡು: ಸುಮ್ನೆ ಉಳಿತಾಯ ಖಾತೆಯಲ್ಲಿ ಮಲಗಿರುವುದು, ಮುಗಿಯುತ್ತಾ ಬಂದ ಆರ್‌ಡಿ, ಎಫ್‌ಡಿ. ಆಮೇಲೆ ಮ್ಯೂಚುವಲ್ ಫಂಡ್, ತೆರಿಗೆ ನೋಡಿಕೊಂಡು ಕಂತುಕಂತಾಗಿ. ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ. ಆಮೇಲೆ ಪಿಪಿಎಫ್. ಪಿಎಫ್ ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಮುಟ್ಟಲೇಬೇಡಿ. ಆರು ತಿಂಗಳ ಮನೆ ಖರ್ಚಿನಷ್ಟು ಇದ್ಯಾವುದರ ಲೆಕ್ಕಕ್ಕೂ ಬರಬಾರದು. ಮಗ ಹಾಸ್ಟೆಲಿನಲ್ಲಿರುವಾಗಲೇ ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾಗಿ ಬಂದ ಮನೆಗಳನ್ನು ನೋಡಿದ್ದೇನೆ.

ಮ್ಯೂಚುವಲ್ ಫಂಡ್ ತೆಗೆದರೆ ತೆರಿಗೆ ಎಷ್ಟು? 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತಾರಲ್ಲ?

ಆ 12 ಲಕ್ಷದ ರಿಯಾಯಿತಿ ಈಕ್ವಿಟಿ ಫಂಡಿನ ಲಾಭಕ್ಕೆ ಅನ್ವಯಿಸುವುದಿಲ್ಲ. ಎಷ್ಟೋ ಜನ ರಿಟರ್ನ್ ಸಲ್ಲಿಸುವಾಗ ಇದನ್ನು ಕಂಡು ಬೆಚ್ಚಿದ್ದಾರೆ.

ಈಕ್ವಿಟಿ ಫಂಡ್ ಒಂದು ವರ್ಷಕ್ಕಿಂತ ಹಳೆಯದಾದರೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಮೇಲಿನದಕ್ಕೆ 12.5%. ಒಂದು ವರ್ಷದೊಳಗೆ ತೆಗೆದರೆ 20%, ಜೊತೆಗೆ ಬೇಗ ತೆಗೆದದ್ದಕ್ಕೆ ಫಂಡ್ ಕಂಪನಿ ಹಿಡಿಯುವ ಎಕ್ಸಿಟ್ ಲೋಡ್ ಬೇರೆ ಬೀಳಬಹುದು. ಗಮನಿಸಿ, ತೆರಿಗೆ ಲಾಭಕ್ಕೆ ಮಾತ್ರ, ತೆಗೆದ ಪೂರ್ತಿ ಮೊತ್ತಕ್ಕಲ್ಲ.

ನಿಮ್ಮ ಫಂಡಿನಲ್ಲಿ 9 ಲಕ್ಷ ಇದೆ, ಅದರಲ್ಲಿ 4 ಲಕ್ಷ ಲಾಭ ಅಂದುಕೊಳ್ಳಿ. ಜೂನ್‌ನಲ್ಲಿ ಒಂದೇ ಏಟಿಗೆ ತೆಗೆದರೆ 2.75 ಲಕ್ಷಕ್ಕೆ ತೆರಿಗೆ, ಸೆಸ್ ಸೇರಿ 35,750 ರೂಪಾಯಿ. ಅದನ್ನೇ ಮಾರ್ಚ್ ಕೊನೆಯಲ್ಲಿ ಅರ್ಧ, ಏಪ್ರಿಲ್ ಮೊದಲ ವಾರ ಅರ್ಧ ತೆಗೆದರೆ ಎರಡು ಹಣಕಾಸು ವರ್ಷಕ್ಕೆ ಹಂಚಿಹೋಗುತ್ತದೆ. ಲಾಭ ಎರಡೂ ಕಡೆ ಸಮ ಅಂತ ಇಟ್ಟುಕೊಂಡರೆ ತೆರಿಗೆ ಒಟ್ಟು 19,500. ನಡುವೆ ಇದ್ದದ್ದು ಒಂದೆರಡು ವಾರ, ಉಳಿದದ್ದು 16,250. ಒಂದು ಸಾಧಾರಣ ಲ್ಯಾಪ್‌ಟಾಪಿಗೆ ಅರ್ಧ ದುಡ್ಡು. ನಾಲ್ಕು ವರ್ಷಕ್ಕೆ ಹಂಚಿ ತೆಗೆದರೆ ತೆರಿಗೆಯೇ ಇಲ್ಲದಿರಬಹುದು.

ನಿಜದಲ್ಲಿ ಲಾಭ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಳೆಯ ಯೂನಿಟ್ ಮೊದಲು ಹೋಗುತ್ತದೆ, ಅದರಲ್ಲೇ ಲಾಭ ಜಾಸ್ತಿ. ತೆಗೆಯುವ ಮುಂಚೆ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ತರಿಸಿ ನೋಡಿ. ಗಂಡ, ಹೆಂಡತಿ ಇಬ್ಬರ ಹೆಸರಲ್ಲೂ ಬೇರೆ ಬೇರೆ ಫಂಡ್ ಇದ್ದರೆ ಇಬ್ಬರಿಗೂ ತಲಾ 1.25 ಲಕ್ಷ ಸಿಗುತ್ತದೆ.

ಸಾಲಪತ್ರಗಳಲ್ಲಿ ದುಡ್ಡು ಹಾಕುವ ಡೆಟ್ ಫಂಡಿನ ಕಥೆ ಬೇರೆ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡದ್ದಾದರೆ ಎಷ್ಟು ವರ್ಷ ಇಟ್ಟುಕೊಂಡರೂ ಲಾಭ ನಿಮ್ಮ ಆದಾಯ ತೆರಿಗೆಯ ಸ್ಲ್ಯಾಬಿಗೇ ಸೇರುತ್ತದೆ.

ಒಂದು ಮಾತು. ತೆರಿಗೆ ಉಳಿಸಲು ಅಂತ ಮುಂದಿನ ವರ್ಷದ ಫೀಸನ್ನು ಈಕ್ವಿಟಿಯಲ್ಲೇ ಬಿಟ್ಟುಕೊಂಡು ಕೂರಬೇಡಿ. 16 ಸಾವಿರ ಉಳಿಸಲು ಹೋಗಿ 2 ಲಕ್ಷ ಕಳೆದುಕೊಂಡರೆ ಏನು ಬಂತು?

ಫಂಡ್ ಮಗನ ಹೆಸರಲ್ಲೇ ಇದೆ. ಏನಾದರೂ ತೊಂದರೆ ಇದೆಯಾ?

ಇದೆ, ಅದೂ ಸರಿಯಾಗಿ ಬೇಡದ ಹೊತ್ತಿಗೆ ಬರುತ್ತದೆ. ಮೈನರ್ ಹೆಸರಿನ ಫೋಲಿಯೋ (ಫಂಡ್ ಖಾತೆ) ಆ ಮಗುವಿಗೆ 18 ತುಂಬಿದ ದಿನ ಸ್ತಬ್ಧವಾಗುತ್ತದೆ. ಅಪ್ಪ ಅಮ್ಮನ ಸಹಿ ನಡೆಯುವುದಿಲ್ಲ. ಮಗನ ಪ್ಯಾನ್, ಕೆವೈಸಿ, ಅವನ ಬ್ಯಾಂಕ್ ಖಾತೆ, ಅವನ ಸಹಿ ಎಲ್ಲ ಕೊಟ್ಟು ಮೈನರ್‌ನಿಂದ ಮೇಜರ್ ಅಂತ ಬದಲಾಯಿಸಿದ ಮೇಲೆಯೇ ದುಡ್ಡು ತೆಗೆಯಬಹುದು. ಹೆಚ್ಚಿನ ಮಕ್ಕಳಿಗೆ 18 ಆಗುವುದು ದ್ವಿತೀಯ ಪಿಯುಸಿ ಪರೀಕ್ಷೆ, ಸಿಇಟಿ, ಕೌನ್ಸೆಲಿಂಗ್ ಈ ಆರೇಳು ತಿಂಗಳ ಆಸುಪಾಸಿನಲ್ಲೇ. ಹುಟ್ಟುಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಕಾಗದಪತ್ರ ಹೊಂದಿಸಿ ಇಟ್ಟುಕೊಳ್ಳಿ.

ಒಂದು ಲಾಭವೂ ಇದೆ. 18ರೊಳಗೆ ತೆಗೆದರೆ ಲಾಭ ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಸೇರುತ್ತದೆ. 18 ದಾಟಿದ ಮೇಲೆ ತೆಗೆದರೆ ಅದು ಮಗನದೇ. ಅವನಿಗೆ ಬೇರೆ ಆದಾಯ ಇಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿಯನ್ನೂ ಈ ಲಾಭಕ್ಕೆ ಹೊಂದಿಸಿಕೊಳ್ಳಬಹುದು, 1.25 ಲಕ್ಷ ಅದರ ಮೇಲೆ. ಹುಟ್ಟುಹಬ್ಬ ಮೇ ತಿಂಗಳಲ್ಲಿದ್ದರೆ ಏಪ್ರಿಲ್‌ನಲ್ಲಿ ಅವಸರ ಮಾಡಬೇಡಿ.

ಸುಕನ್ಯಾ ಸಮೃದ್ಧಿ ಮಗಳಿಗೆ 21 ಆದಾಗ ಬರುತ್ತದಲ್ವಾ? ಓದಿಗೆ ಅದು ತಡವಾಗಲ್ವಾ?

ಎಲ್ಲರೂ ತಪ್ಪು ತಿಳಿದಿರುವುದು ಇದನ್ನೇ. 21 ವರ್ಷ ಅಂದರೆ ಮಗಳ ವಯಸ್ಸಲ್ಲ, ಖಾತೆಯ ವಯಸ್ಸು. ಯೋಜನೆ ಶುರುವಾದ 2015ರಲ್ಲೇ ಎಂಟು ವರ್ಷದ ಮಗಳಿಗೆ ಖಾತೆ ತೆರೆದಿದ್ದರೆ ಅದು ಪೂರ್ತಿಯಾಗುವುದು 2036ರಲ್ಲಿ. ಆಗ ಅವಳಿಗೆ 29.

ಆದರೆ ಓದಿಗೆ ನಡುವೆ ತೆಗೆಯಬಹುದು. ಮಗಳಿಗೆ 18 ತುಂಬಿರಬೇಕು ಅಥವಾ ಹತ್ತನೇ ತರಗತಿ ಪಾಸಾಗಿರಬೇಕು, ಯಾವುದು ಮೊದಲೋ ಅದು. ಹಿಂದಿನ ಮಾರ್ಚ್ 31ಕ್ಕೆ ಇದ್ದ ಮೊತ್ತದ ಅರ್ಧದವರೆಗೆ ಸಿಗುತ್ತದೆ. ಒಂದೇ ಸಲ ತೆಗೆಯಬಹುದು, ಅಥವಾ ವರ್ಷಕ್ಕೊಂದರಂತೆ ಐದು ವರ್ಷದವರೆಗೆ ಕಂತಿನಲ್ಲಿ. ಕಾಲೇಜು ಕೇಳಿರುವ ಫೀಸಿಗಿಂತ ಜಾಸ್ತಿ ಕೊಡುವುದಿಲ್ಲ, ಅದಕ್ಕೆ ಅಡ್ಮಿಷನ್ ಪತ್ರ ಅಥವಾ ಫೀ ಚೀಟಿ ತೋರಿಸಬೇಕು. ತೆರಿಗೆ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಕಂತೇ ಒಳ್ಳೆಯದು. 8.2% ಬಡ್ಡಿ, ಅದೂ ತೆರಿಗೆ ಇಲ್ಲದೆ, ಇವತ್ತು ಪಿಎಫ್ ಬಿಟ್ಟರೆ ಬೇರೆ ಯಾವ ಸುರಕ್ಷಿತ ಕಡೆಯೂ ಸಿಗುವುದಿಲ್ಲ. ಒಮ್ಮೆ ತೆಗೆದು ಉಳಿತಾಯ ಖಾತೆಯಲ್ಲಿ ಇಡುವುದು ಶುದ್ಧ ನಷ್ಟ.

ಪಿಪಿಎಫ್ 15 ವರ್ಷ ಆಗಿಲ್ಲ. ತೆಗೆಯಬಹುದಾ?

ಏಳನೇ ಹಣಕಾಸು ವರ್ಷದಿಂದ ವರ್ಷಕ್ಕೊಂದು ಸಲ ತೆಗೆಯಬಹುದು. ನಾಲ್ಕು ವರ್ಷದ ಹಿಂದಿನ ಕೊನೆಯ ಮೊತ್ತ, ಕಳೆದ ವರ್ಷದ ಕೊನೆಯ ಮೊತ್ತ, ಇವೆರಡರಲ್ಲಿ ಕಮ್ಮಿ ಇರುವುದರ ಅರ್ಧ. ಯಾವ ಕಾರಣವನ್ನೂ ಹೇಳಬೇಕಾಗಿಲ್ಲ. ಓದಿಗಾಗಿ ಇಡೀ ಖಾತೆಯನ್ನೇ ಐದು ವರ್ಷದ ನಂತರ ಮುಚ್ಚಲೂ ಬಹುದು, ಆದರೆ ಅಷ್ಟೂ ವರ್ಷದ ಬಡ್ಡಿಯಲ್ಲಿ 1% ಕಡಿತ. ಅದು ಬೇಡ.

15 ವರ್ಷ ಮುಗಿದಿದ್ದರೆ ಖಾತೆಯನ್ನು ಮುಚ್ಚದೆ, ಹೊಸದಾಗಿ ಕಟ್ಟದೆ ಹಾಗೇ ಬಿಟ್ಟರೂ 7.1% ಬಡ್ಡಿ ಬರುತ್ತಿರುತ್ತದೆ. ವರ್ಷಕ್ಕೊಂದು ಸಲ ಬೇಕಾದಷ್ಟು ತೆಗೆಯಬಹುದು. ಕಾಲೇಜು ಫೀಸಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ಕಂಡಿಲ್ಲ. ತೆಗೆಯುವುದನ್ನು ತಿಂಗಳ ಮೊದಲ ಐದು ದಿನದೊಳಗೆ ಮಾಡಿ. ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಮ್ಮಿ ಮೊತ್ತಕ್ಕೆ ಬಡ್ಡಿ ಲೆಕ್ಕ. 28ನೇ ತಾರೀಖು ತೆಗೆದರೆ ಆ ಮೊತ್ತದ ಇಡೀ ತಿಂಗಳ ಬಡ್ಡಿ ಹೋಯಿತು.

ಪಿಎಫ್‌ನಿಂದ ತೆಗೆದರೆ ಏನು ತಪ್ಪು? ನಮ್ಮದೇ ದುಡ್ಡು ತಾನೆ?

ನಿಮ್ಮದೇ, ಆದರೆ 58 ದಾಟಿದ ನಿಮ್ಮದು. ಹಳೆಯ ನಿಯಮದ ಪ್ರಕಾರ ಏಳು ವರ್ಷ ಸದಸ್ಯರಾಗಿದ್ದವರು ತಮ್ಮ ಪಾಲಿನ ಅರ್ಧವನ್ನು ಮಕ್ಕಳ ಓದಿಗೆ ತೆಗೆಯಬಹುದಿತ್ತು, ಒಟ್ಟು ಮೂರು ಸಲ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಟ್ರಸ್ಟಿ ಮಂಡಳಿ ಇದನ್ನು ಸಡಿಲಿಸುವ ತೀರ್ಮಾನ ಮಾಡಿತು: 12 ತಿಂಗಳ ಸೇವೆ ಸಾಕು, ಓದಿಗೆ ಹತ್ತು ಸಲದವರೆಗೆ, ಕಾಲು ಭಾಗ ಮಾತ್ರ ಖಾತೆಯಲ್ಲಿ ಉಳಿಯಬೇಕು. ಅರ್ಜಿ ಹಾಕುವಾಗ ನಿಮಗೆ ಎಷ್ಟು ಸಿಗುತ್ತದೆ ಅನ್ನುವುದು ಪೋರ್ಟಲ್‌ನಲ್ಲೇ ಕಾಣುತ್ತದೆ.

ಬಾಗಿಲು ಅಗಲವಾಯಿತು ಅಂತ ಒಳಗೆ ನುಗ್ಗಬೇಕಾಗಿಲ್ಲ. 45ನೇ ವಯಸ್ಸಿನಲ್ಲಿ 3 ಲಕ್ಷ ತೆಗೆದರೆ, ಇದೇ 8.25% ಬಡ್ಡಿ ಮುಂದುವರಿದರೆ 58ಕ್ಕೆ ನೀವು ಕಳೆದುಕೊಂಡದ್ದು ಸುಮಾರು 8.4 ಲಕ್ಷ. ಓದಿಗೆ ಸಾಲ ಕೊಡುವ ಬ್ಯಾಂಕ್ ಪ್ರತಿ ಊರಿನಲ್ಲೂ ಇದೆ. 'ಮುಪ್ಪಿನ ಸಾಲ ದೊರೆಯುತ್ತದೆ' ಅನ್ನುವ ಬೋರ್ಡು ನಾನು ಇನ್ನೂ ನೋಡಿಲ್ಲ.

ನಮ್ಮದು ತೋಟದ ಆದಾಯ. ಸೊಸೈಟಿಯಲ್ಲಿ ಠೇವಣಿ, ಕೈಯಲ್ಲಿ ಎರಡು ಚೀಟಿ ಇದೆ ಅಷ್ಟೆ.

ಅದಕ್ಕೇನು, ಅದೂ ಉಳಿತಾಯವೇ. ಆದರೆ ಒಂದು ವ್ಯತ್ಯಾಸ ತಿಳಿದಿರಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ನಾಲ್ಕೂ ವರ್ಷದ ಫೀಸನ್ನು ಒಂದೇ ಸಂಘದಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ವಿಮೆ ಇದ್ದರೂ ದುಡ್ಡು ಕೈಗೆ ಬರಲು ಕಾಲ ಹಿಡಿಯಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ಬರೀ 35,000.

ಠೇವಣಿ ಎಲ್ಲೇ ಇರಲಿ, 5 ಲಕ್ಷದ ಒಂದು ಬಾಂಡಿನ ಬದಲು 1 ಲಕ್ಷದ ಐದು ಮಾಡಿಸಿ. ಅರ್ಜೆಂಟಾದರೆ ಒಂದನ್ನು ಮುರಿದರೆ ಸಾಕು. ಅವಧಿ ಪ್ರತಿ ವರ್ಷ ಮೇ ಅಥವಾ ಜೂನ್‌ಗೆ ಮುಗಿಯುವ ಹಾಗೆ ಇರಲಿ. ಹದಿನೈದು ದಿನ ಮಾತ್ರ ಉಳಿದಿದ್ದರೆ ಮುರಿಯುವ ಬದಲು ಅದರ ಮೇಲೆ ಸಾಲ ತೆಗೆಯುವುದು ಅಗ್ಗ.

ಚೀಟಿ ವಿಷಯ. ಜೂನ್, ಜುಲೈನಲ್ಲಿ ಎಲ್ಲರಿಗೂ ಫೀಸಿನ ತಾಪತ್ರಯ. ಕೂಗುವವರು ಜಾಸ್ತಿ, ಬಿಟ್ಟುಕೊಡುವ ಮೊತ್ತವೂ ಜಾಸ್ತಿ. ಅಡಿಕೆ ಮಾರಿ ಎಲ್ಲರ ಕೈಯಲ್ಲೂ ಕಾಸು ಓಡಾಡುವ ಫೆಬ್ರವರಿ, ಮಾರ್ಚ್‌ನಲ್ಲೇ ಚೀಟಿ ಎತ್ತಿ ಬ್ಯಾಂಕಿನಲ್ಲಿ ಇಡಿ. ರಿಜಿಸ್ಟರ್ ಆಗದ ಚೀಟಿಯಲ್ಲಿ ಮಕ್ಕಳ ಫೀಸು ಇಡಬೇಡಿ, ನಡೆಸುವವರು ಎಷ್ಟೇ ಬೇಕಾದವರಾಗಿರಲಿ.

ಇರುವ ದುಡ್ಡೆಲ್ಲ ತೆಗೆಯುವುದಾ, ಎಜುಕೇಷನ್ ಲೋನ್ ಮಾಡುವುದಾ?

ಎರಡೂ ಸ್ವಲ್ಪ ಸ್ವಲ್ಪ. ಸಾಲ ಅಂದರೆ ಮರ್ಯಾದೆ ಹೋಗುತ್ತದೆ ಅನ್ನುವ ಹಿರಿಯರು ಇನ್ನೂ ಇದ್ದಾರೆ. ಆದರೆ ಓದಿನ ಸಾಲ ಕೈಸಾಲದಂತಲ್ಲ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಬ್ಯಾಂಕ್ ವರ್ಷ ವರ್ಷ ಕಾಲೇಜಿಗೇ ಕಳಿಸುತ್ತದೆ, ಕಳಿಸಿದಷ್ಟಕ್ಕೇ ಬಡ್ಡಿ. ಮಂಜೂರು ಮಾಡಿಸಿಕೊಂಡು ಪೂರ್ತಿ ತೆಗೆಯದೆ ಇಟ್ಟುಕೊಳ್ಳಬಹುದು. ಮಾರ್ಕೆಟ್ ಬಿದ್ದ ವರ್ಷ ಸಾಲದಿಂದ ಕಟ್ಟಿ, ಎದ್ದ ವರ್ಷ ಫಂಡಿನಿಂದ ತೆಗೆದು ಸಾಲ ತೀರಿಸಿ. ಇದಕ್ಕಾಗಿಯೇ ನಾನು ಮೂರು, ನಾಲ್ಕನೇ ವರ್ಷಕ್ಕೆ ಸಾಲದ ಬಾಗಿಲು ತೆರೆದಿಟ್ಟಿದ್ದೇನೆ.

ಸರಳ ಹೋಲಿಕೆ: ಸಾಲದ ಬಡ್ಡಿ 10%, ನಿಮ್ಮ ಎಫ್‌ಡಿ 7% ಆದರೆ ಎಫ್‌ಡಿ ಉಳಿಸಿಕೊಂಡು ಸಾಲ ಮಾಡುವುದರಲ್ಲಿ ಅರ್ಥವಿಲ್ಲ. ಪಿಎಫ್ ಮುರಿಯುವುದೋ ಸಾಲವೋ ಅಂದರೆ ಸಾಲವೇ ಸರಿ. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ, ಎಂಟು ವರ್ಷದವರೆಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿಯನ್ನು ಒಮ್ಮೆ ನೋಡಿ. ಪಟ್ಟಿಯಲ್ಲಿರುವ ಕಾಲೇಜಾದರೆ ಅಡಮಾನ, ಜಾಮೀನು ಬೇಡ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿಯಲ್ಲಿ 3% ಬಡ್ಡಿ ಸಹಾಯ ಸಿಗಬಹುದು. ನಮ್ಮ ರಾಜ್ಯದ ನಿಗಮಗಳ 'ಅರಿವು' ಸಾಲ, ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ ಇವನ್ನು ಮೊದಲು ವಿಚಾರಿಸಿ, ಆಮೇಲೆ ಉಳಿತಾಯಕ್ಕೆ ಕೈ ಹಾಕಿ. ಬಂದಷ್ಟು ಬರಲಿ.

ಒಡವೆ ಮಾರಬಹುದಾ? ವಿಮೆ ಪಾಲಿಸಿ ಸರೆಂಡರ್ ಮಾಡಬಹುದಾ?

ಒಡವೆ ಮಾರಿದರೆ ಮಜೂರಿ, ವೇಸ್ಟೇಜ್ ಕೊಟ್ಟದ್ದು ಹೋಯಿತು ಅಂತಲೇ. ಮೂರ್ನಾಲ್ಕು ತಿಂಗಳ ಕೊರತೆಗೆ ಬ್ಯಾಂಕಿನಲ್ಲಿ ಅಡವಿಡಿ, ನಾಲ್ಕು ವರ್ಷದ ಫೀಸಿಗೆ ಅದು ಬೇಡ. ಪಾಲಿಸಿ ಮುಗಿಯಲು ಎರಡು ಮೂರು ವರ್ಷ ಮಾತ್ರ ಇದ್ದರೆ ಸರೆಂಡರ್ ಬೇಡ, ಅದರ ಮೇಲೆ ಸಾಲ ಸಿಗುತ್ತದಾ ಕೇಳಿ.

ಮಗ ವಿದೇಶಕ್ಕೆ ಹೋಗುತ್ತಾನೆ. ಬೇರೆ ಏನಾದರೂ ಇದೆಯಾ?

ರೂಪಾಯಿ ಬೀಳುವ ಲೆಕ್ಕ ಸೇರಿಸಿಕೊಳ್ಳಿ. ವರ್ಷಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಕಳಿಸಿದರೆ ಮೇಲಿನ ಮೊತ್ತಕ್ಕೆ ಬ್ಯಾಂಕ್ ಟಿಸಿಎಸ್ (ಮುಂಚೆಯೇ ಹಿಡಿಯುವ ತೆರಿಗೆ) ಹಿಡಿಯುತ್ತದೆ. ಬ್ಯಾಂಕಿನ ಓದಿನ ಸಾಲದಿಂದ ಕಳಿಸಿದರೆ ಅದಿಲ್ಲ. ಹಿಡಿದದ್ದು ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ, ಆದರೆ ಫೀ ಕಟ್ಟುವ ದಿನ ಅಷ್ಟು ದುಡ್ಡು ಕೈಯಲ್ಲಿ ಕಮ್ಮಿ ಇರುತ್ತದೆ. ಅದಕ್ಕೂ ಸೇರಿಸಿ ತೆಗೆಯಿರಿ.

ಈ ಲೆಕ್ಕವನ್ನೆಲ್ಲ ಮಕ್ಕಳಿಗೆ ಹೇಳಬೇಕಾ?

ನಾವು ಹೇಳಿರಲಿಲ್ಲ. ಓದುವ ಮಗುವಿಗೆ ದುಡ್ಡಿನ ಚಿಂತೆ ಯಾಕೆ ಅಂತ. ಆದರೆ ಸುಕನ್ಯಾದಿಂದ ತೆಗೆಯುವಾಗ ಬೇರೆ ದಾರಿ ಇರಲಿಲ್ಲ. 18 ತುಂಬಿದ ಮೇಲೆ ಖಾತೆ ನಡೆಸುವವಳು ಅವಳೇ, ಅವಳ ಆಧಾರ್, ಅವಳ ಸಹಿ ಬೇಕು. ಹಾಸ್ಟೆಲಿನಿಂದ ರಜೆಗೆ ಬಂದಾಗ ಪೋಸ್ಟಾಫೀಸಿಗೆ ಕರೆದುಕೊಂಡು ಹೋದೆ. ಮೊದಲ ಫಾರಂನಲ್ಲಿ ಕನ್ನಡದಲ್ಲಿ ಸಹಿ ಹಾಕಿದಳು, ಪ್ಯಾನ್ ಕಾರ್ಡಿನಲ್ಲಿ ಇದ್ದದ್ದು ಇಂಗ್ಲಿಷ್ ಸಹಿ. ಇನ್ನೊಂದು ಫಾರಂ ತುಂಬಿಸಿದರು.

ಕಾಯುವಾಗ ಪಾಸ್‌ಬುಕ್ ತೆಗೆದು ಮೊದಲ ಪುಟದಿಂದ ತಿರುವಿದಳು. ಮೊದಲ ಸಾಲು 2015, ಸಾವಿರ ರೂಪಾಯಿ. ಕೆಳಗೆ ಕೆಲವು ವರ್ಷ ದೊಡ್ಡ ಮೊತ್ತ, 2020ರಲ್ಲಿ ತೀರಾ ಸಣ್ಣದು. ಆ ಸಾಲಿನ ಮೇಲೆ ಬೆರಳಿಟ್ಟು, 'ಅಪ್ಪ, ಈ ವರ್ಷ ನಿಮಗೆ ಅರ್ಧ ಸಂಬಳ ಬರುತ್ತಿತ್ತು ಅಲ್ವಾ?' ಅಂದಳು. ಅಷ್ಟರಲ್ಲಿ ಕೌಂಟರಿನವರು ಅವಳ ಹೆಸರು ಕರೆದರು. ಎದ್ದು ಒಬ್ಬಳೇ ಹೋದಳು.